ಷರಟಿನ ಜೇಬಿನ ಬಿಲ್ಲು

ನಮ್ಮವರು ಮನೆಗಳ ವೈರಿಂಗ್ ಕೆಲಸ ಗುತ್ತಿಗೆ ಹಿಡಿಯುತ್ತಾರೆ. ಹೋದ ವರ್ಷ ಅವರ ಷರಟು ಒಗೆಯುವಾಗ ಜೇಬಿನಿಂದ ಕಾಗದದ ಮುದ್ದೆ ಬಂತು. "ಅಯ್ಯೋ, 12,000 ರೂಪಾಯಿ ವೈರಿನ ಬಿಲ್ಲು ಕಣೇ! ಇನ್ನು ತೆರಿಗೆಯವರಿಗೆ ಏನು ತೋರಿಸಲಿ?" ಎಂದು ತಲೆಯ ಮೇಲೆ ಕೈಹೊತ್ತು ಕೂತರು. ತಪ್ಪು ನನ್ನದೇ ಎಂದು ಅತ್ತೆಯವರ ತೀರ್ಪು.

ಲೆಕ್ಕ ಬರೆಯುವವರು ನಕ್ಕರು. "ನಕಲು ಅಂಗಡಿಯಲ್ಲಿ ಕೇಳಬಹುದು, ತಾಯೀ. ಆದರೆ ಒಂದೇ ದಿನ ಒಬ್ಬರಿಗೆ 10,000 ಮೀರಿ ನಗದು ಕೊಟ್ಟರೆ ಬಿಲ್ಲಿದ್ದರೂ ಆ ಖರ್ಚು ಕಳೆಯೋಕಾಗಲ್ಲ." ಇವರು ಕೊಟ್ಟದ್ದು ನಗದೇ! ಸಂಜೆ ಅತ್ತೆ ಮಗನನ್ನೇ ದುರುಗುಟ್ಟಿ ನೋಡಿದರು.

ಅಂದಾಜು ಲಾಭ ತೋರಿಸದೆ ಇದ್ದ ಖರ್ಚನ್ನೇ ಕಳೆಯುವ ಮನೆಯವರು ನೀವಾದರೆ ನೆನಪಿಡಿ. ವೈರು, ಸ್ವಿಚ್ಚು, ಹುಡುಗರ ಕೂಲಿ ಖರ್ಚಿಗೆ ಸೇರುತ್ತವೆ. ಡ್ರಿಲ್ಲಿಂಗ್ ಮೆಷೀನಿನ ಬೆಲೆ ಒಂದೇ ಸಲ ಕಳೆಯುವಂತಿಲ್ಲ. ಸವಕಳಿಯೆಂದು ಸಾಮಾನ್ಯವಾಗಿ ಉಳಿದ ಬೆಲೆಯ ಮೇಲೆ ವರ್ಷಕ್ಕೆ ಶೇಕಡ 15. ಮಕ್ಕಳನ್ನು ಶಾಲೆಗೆ ಬಿಟ್ಟ ಪೆಟ್ರೋಲು ಸೇರದು, ಕೆಲಸಕ್ಕೆ ಓಡಾಡಿದ್ದಷ್ಟೇ.

ಈಗ ಸಾರಿನ ಪುಡಿ ಡಬ್ಬದ ಪಕ್ಕ ಬಿಲ್ಲಿನ ಡಬ್ಬವೂ ಇದೆ. ಜೇಬು ಖಾಲಿ ಮಾಡಿದ ಮೇಲೇ ರಾತ್ರಿಯ ಊಟ. ನೀವೂ ಒಗೆಯುವ ಮುಂಚೆ ಜೇಬು ನೋಡಿ. ಯಜಮಾನರು ನೋಟು ಎಣಿಸುವ ಮುಂಚೆ ಈ ಮಾತು ನೆನಪಿಸಿ.