ಲೆವ್ಸ್ಕಿ ಅಂದ್ರೆ ಲೆವ್ಸ್ಕಿನೇ!

2022ರ ಮೇ ತಿಂಗಳಲ್ಲಿ ಆಫೀಸಿನ ಕೆಲಸದ ಮೇಲೆ ಮೂರು ವಾರ ಬಲ್ಗೇರಿಯಾದ ರಾಜಧಾನಿ ಸೋಫಿಯಾದಲ್ಲಿದ್ದೆ. ಹೊರಡುವ ಮುಂಚೆ ಆ ದೇಶದ ಬಗ್ಗೆ ನನಗೆ ಗೊತ್ತಿದ್ದದ್ದು ಎರಡೇ: ಮೊಸರು ಮತ್ತು ಗುಲಾಬಿ ಎಣ್ಣೆ. ಹೋದ ಎರಡನೇ ದಿನವೇ ಮೂರನೆಯದು ಗೊತ್ತಾಯಿತು. ಅಲ್ಲಿನ ಜನ 'ಹೌದು' ಅನ್ನೋದಕ್ಕೆ ತಲೆಯನ್ನು ಅಡ್ಡಡ್ಡ ಆಡಿಸ್ತಾರೆ, 'ಇಲ್ಲ' ಅನ್ನೋದಕ್ಕೆ ಮೇಲೆ ಕೆಳಗೆ! ನಾವೋ ಎಲ್ಲದಕ್ಕೂ ತಲೆ ಒಂಥರಾ ತೂಗುವವರು. ಮೊದಲ ಮೀಟಿಂಗಿನಲ್ಲಿ ಯಾರು ಏನು ಒಪ್ಪಿಕೊಂಡರು ಅಂತ ಇಬ್ಬರಿಗೂ ತಿಳಿಯಲಿಲ್ಲ.

ಅಲ್ಲಿನ ಸಹೋದ್ಯೋಗಿಯೊಬ್ಬ ಮಹಾ ಫುಟ್‌ಬಾಲ್ ಹುಚ್ಚ. ಅವನ ಡೆಸ್ಕಿನ ಮೇಲೆ ನೀಲಿ ಸ್ಕಾರ್ಫ್, ಲ್ಯಾಪ್‌ಟಾಪಿನ ಮೇಲೆ ನೀಲಿ ಸ್ಟಿಕ್ಕರ್. ಯಾವ ತಂಡ ಅಂತ ಕೇಳಿದ್ದಕ್ಕೆ 'ಲೆವ್ಸ್ಕಿ' ಅಂದ. ಆ ಶನಿವಾರ ಊರು ಸುತ್ತಲು ಹೊರಟಾಗ ಮೆಟ್ರೋ ನಕ್ಷೆಯಲ್ಲಿ 'ವಸಿಲ್ ಲೆವ್ಸ್ಕಿ ಸ್ಟೇಡಿಯಂ' ಅನ್ನೋ ನಿಲ್ದಾಣ ಕಂಡಿತು. ಇಳಿದು, ಸ್ಟೇಡಿಯಂ ಮುಂದೆ ನಿಂತು ಫೋಟೋ ತೆಗೆದು ಅವನಿಗೆ ಕಳಿಸಿದೆ: "ನಿಮ್ಮ ತಂಡದ ಮನೆಗೆ ಬಂದಿದ್ದೀನಿ." ನಗುವ ಎಮೋಜಿಗಳ ಸಾಲೇ ಬಂತು. ಅದು ಸರ್ಕಾರದ್ದು, ದೇಶದ ತಂಡ ಆಡುವ ಮೈದಾನವಂತೆ. ಲೆವ್ಸ್ಕಿ ಕ್ಲಬ್ಬಿನದು ಊರಿನ ಇನ್ನೊಂದು ಕಡೆ, ಅದರ ಹೆಸರೇ ಬೇರೆ. "ಆದ್ರೂ ಪರವಾಗಿಲ್ಲ, ನಾಳೆ ಅಲ್ಲಿಗೇ ಹೋಗ್ಬೇಕು. ಕಪ್ ಫೈನಲ್. ನಿನಗೂ ಟಿಕೆಟ್ ಇದೆ" ಅಂದ.

ಈ ಲೆವ್ಸ್ಕಿ ಯಾರು ಅಂತ ಆ ರಾತ್ರಿ ಓದಿಕೊಂಡೆ. ನಿಜವಾದ ಹೆಸರು ವಸಿಲ್ ಇವಾನೋವ್ ಕುಂಚೆವ್. 1837ರಲ್ಲಿ ಕಾರ್ಲೊವೊ ಎಂಬ ಊರಿನಲ್ಲಿ ಹುಟ್ಟಿದವನು. ಸನ್ಯಾಸಿಯಾಗಿದ್ದವನು ಕಾವಿ ಕಳಚಿಟ್ಟ ಹಾಗೆ ಆ ಬಟ್ಟೆ ಬಿಟ್ಟು, ಆಟೊಮನ್ ತುರ್ಕರ ಆಳ್ವಿಕೆಯ ವಿರುದ್ಧ ಊರೂರು ಸುತ್ತಿ ಗುಪ್ತ ಸಮಿತಿಗಳನ್ನು ಕಟ್ಟಿದ. 'ಲೆವ್ಸ್ಕಿ' ಅಂದರೆ ಸಿಂಹದಂಥವನು. 1873ರಲ್ಲಿ ಸೋಫಿಯಾದಲ್ಲೇ ಅವನನ್ನು ಗಲ್ಲಿಗೇರಿಸಿದರು. ಓದುತ್ತಾ ಓದುತ್ತಾ ನನಗೆ ನಂದಗಡದ ಆಲದ ಮರ, ನಮ್ಮ ಸಂಗೊಳ್ಳಿ ರಾಯಣ್ಣ ನೆನಪಾದ. ಒಂದು ವ್ಯತ್ಯಾಸ ಅಂದರೆ ರಾಯಣ್ಣನ ಸಮಾಧಿ ನಮಗೆ ಇದೆ. ಲೆವ್ಸ್ಕಿಯನ್ನು ಎಲ್ಲಿ ಹೂತರು ಅನ್ನೋದು ಅಲ್ಲಿ ಇಂದಿಗೂ ಬಗೆಹರಿಯದ ಜಗಳ.

ದೇಶ ಸ್ವತಂತ್ರವಾದ ಮೇಲೆ ಸೋಫಿಯಾದ ಹೈಸ್ಕೂಲ್ ಹುಡುಗರು ಸೇರಿ ಒಂದು ಫುಟ್‌ಬಾಲ್ ಕ್ಲಬ್ ಮಾಡಿಕೊಂಡರು. ಇಡೋಕೆ ಇದಕ್ಕಿಂತ ದೊಡ್ಡ ಹೆಸರು ಅವರಿಗೆ ಹೊಳೆಯಲಿಲ್ಲ. ಕ್ಲಬ್ಬಿನ ಹುಟ್ಟುಹಬ್ಬ 1914ರ ಮೇ 24.

ಮರುದಿನ ಭಾನುವಾರ, ಮೇ 15. ಎದುರಾಳಿ ಸಿಎಸ್‌ಕೆಎ. 1948ರಲ್ಲಿ ಹುಟ್ಟಿದ, ಸೈನ್ಯದ ನೆರಳಲ್ಲಿ ಬೆಳೆದ ಕೆಂಪು ಅಂಗಿಯ ತಂಡ. ಇವರಿಬ್ಬರ ಪಂದ್ಯವನ್ನು ಅಲ್ಲಿ 'ಶಾಶ್ವತ ಡರ್ಬಿ' ಅಂತಾರೆ. ನಮ್ಮಲ್ಲಿ ಕಡ್ಲೆಕಾಯಿ ತಿನ್ನುವ ಹಾಗೆ ಅಲ್ಲಿ ಸೂರ್ಯಕಾಂತಿ ಬೀಜ. ಎಲ್ಲರ ಕೈಯಲ್ಲೂ ಪೊಟ್ಟಣ, ಕಾಲ ಬುಡದಲ್ಲಿ ಸಿಪ್ಪೆಯ ರಾಶಿ. ನಾವಿದ್ದ ಕಡೆ ಪೂರ್ತಿ ನೀಲಿ. ಯಾರೂ ಕೂರುವ ಪ್ರಶ್ನೆಯೇ ಇಲ್ಲ. ಹೊಗೆ, ಡೋಲು, ಹಾಡು. ನನಗೆ ಅರ್ಥವಾಗುತ್ತಿದ್ದದ್ದು ಎರಡೇ ಪದ: 'ಸಾಮೊ ಲೆವ್ಸ್ಕಿ'. ಲೆವ್ಸ್ಕಿ ಮಾತ್ರ, ಬೇರೆ ಯಾರೂ ಇಲ್ಲ ಅಂತ.

ಇಲಿಯಾನ್ ಸ್ಟೆಫಾನೋವ್ ಎಂಬ ಹುಡುಗ ಒಂದು ಗೋಲು ಹೊಡೆದ. ಅದೊಂದೇ ಗೋಲು, ಅಷ್ಟೇ ಪಂದ್ಯ. ಕೊನೆಯ ಸೀಟಿ ಊದಿದಾಗ ನನ್ನ ಪಕ್ಕದಲ್ಲಿದ್ದ ದಪ್ಪ ಮೀಸೆಯ ಅಪರಿಚಿತರೊಬ್ಬರು ನನ್ನನ್ನು ಅಪ್ಪಿಕೊಂಡು ಬಿಕ್ಕಿಬಿಕ್ಕಿ ಅತ್ತರು. ನನಗೆ ಏನು ಮಾಡಬೇಕೋ ತೋಚಲಿಲ್ಲ, ಬೆನ್ನು ಸವರಿದೆ. ಹದಿಮೂರು ವರ್ಷಗಳ ನಂತರ ಬಂದ ಟ್ರೋಫಿ ಅದು. ಆಗಿನ್ನೂ ನಮ್ಮ ಆರ್‌ಸಿಬಿ ಒಂದೂ ಕಪ್ ಗೆದ್ದಿರಲಿಲ್ಲ. 'ಈ ಸಲ ಕಪ್ ನಮ್ದೇ' ಅಂತ ಪ್ರತಿ ವರ್ಷ ಹೇಳಿ ಹೇಳಿ ನಗೆಪಾಟಲಾದವನು ನಾನು. ಕಾಯೋದು ಅಂದರೆ ಏನು ಅಂತ ಗೊತ್ತು. ಆದರೆ ಆ ಅಳುವಿನಲ್ಲಿ ಬರೀ ಕಾದ ಸಂಕಟ ಇರಲಿಲ್ಲ, ಇನ್ನೂ ಏನೋ ಇತ್ತು. ಅದು ತಿಳಿದದ್ದು ಮುಂದಿನ ಭಾನುವಾರ, ಸಹೋದ್ಯೋಗಿಯ ತಾತನ ಮನೆಯಲ್ಲಿ.

ಲೆವ್ಸ್ಕಿ ಕ್ಲಬ್ಬಿನ ನಿಜವಾದ ಮೈದಾನಕ್ಕೆ ಸಮೀಪದ ಹಳೇ ಅಪಾರ್ಟ್‌ಮೆಂಟು ಅವರದು. ಎಪ್ಪತ್ತೈದರ ವಯಸ್ಸು, ನೆಟ್ಟಗಿನ ಬೆನ್ನು. ತಾತನಿಗೆ ಅಲ್ಲಿ 'ದ್ಯಾದೊ' ಅಂತಾರೆ. ನಾನೂ ಹಾಗೇ ಕರೆದೆ, ಖುಷಿಪಟ್ಟರು. ಒಲೆಯಿಂದ ಆಗಷ್ಟೇ ತೆಗೆದ ಬನಿತ್ಸ ಕೊಟ್ಟರು. ತೆಳ್ಳನೆ ಹಿಟ್ಟಿನ ಪದರಗಳ ನಡುವೆ ಮೊಟ್ಟೆ, ಚೀಸ್ ಹಾಕಿ ಬೇಯಿಸುವ ತಿಂಡಿ. ಜೊತೆಗೆ ಐರಾನ್. ಒಂದು ಗುಟುಕು ಕುಡಿದು "ಇದು ನಮ್ಮನೆ ಮಜ್ಜಿಗೆ!" ಅಂದೆ. ಇಂಗು, ಕರಿಬೇವು ಇಲ್ಲ, ಅಷ್ಟೇ.

ಗೋಡೆಯ ಮೇಲೆ ಒಬ್ಬ ಸುಂದರ ಯುವಕನ ಕಪ್ಪು ಬಿಳುಪು ಫೋಟೋ. ದೇವರ ಪಟದ ಪಕ್ಕದಲ್ಲೇ. "ಗುಂಡಿ" ಅಂದರು ದ್ಯಾದೊ. ನನಗೆ ನಗು ತಡೆಯಲಾಗಲಿಲ್ಲ. ಬೆಂಗಳೂರಿನವನಿಗೆ ಗುಂಡಿ ಅಂದರೆ ಬೇರೆ ಏನು ನೆನಪಾಗುತ್ತೆ ಹೇಳಿ! ವಿವರಿಸಿದ ಮೇಲೆ ಅವರೂ ನಕ್ಕರು. ಆಮೇಲೆ ಕಥೆ ಕೇಳಿ ನನ್ನ ನಗು ನಿಂತಿತು.

ಗುಂಡಿ ಅಂದರೆ ಗೆಯೋರ್ಗಿ ಆಸ್ಪರುಹೋವ್. 9ನೇ ನಂಬರಿನ ಅಂಗಿ, 1962, 66, 70ರ ಮೂರು ವಿಶ್ವಕಪ್. 1968ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡ್ ಮೇಲೆ ಗೋಲು ಹೊಡೆದವನು. ಇಟಲಿಯ ಮಿಲಾನ್ ಕರೆದರೂ ಹೋಗಲಿಲ್ಲ ಅಂತ ಜನ ಇಂದಿಗೂ ಹೇಳಿಕೊಳ್ಳುತ್ತಾರೆ. 1971ರ ಜೂನ್ 30ರಂದು ವಿತಿನ್ಯಾ ಘಾಟಿಯಲ್ಲಿ ಅವನ ಕಾರು ಲಾರಿಗೆ ಡಿಕ್ಕಿಯಾಯಿತು. ಜೊತೆಗಿದ್ದ ಆಟಗಾರ ನಿಕೊಲಾ ಕೊಟ್ಕೋವ್ ಕೂಡ ಹೋದ. ಗುಂಡಿಗೆ ಆಗ 28 ವರ್ಷ. ಅಂತ್ಯಯಾತ್ರೆಗೆ ಲಕ್ಷಾಂತರ ಜನ ಬಂದರು. 24ರ ಯುವಕ ದ್ಯಾದೊ ಕೂಡ ಆ ಗುಂಪಿನಲ್ಲಿದ್ದರು. ಕ್ಲಬ್ಬಿನ ಮೈದಾನಕ್ಕೆ ಈಗ ಇರುವ ಹೆಸರು ಆಸ್ಪರುಹೋವನದೇ.

"ಅವತ್ತು ನಮ್ಮ ತಂಡದ ಹೆಸರೇನಿತ್ತು ಗೊತ್ತಾ?" ಅಂತ ಕೇಳಿದರು. ಲೆವ್ಸ್ಕಿ ಅಂದೆ. ತಲೆಯನ್ನು ಮೇಲೆ ಕೆಳಗೆ ಆಡಿಸಿದರು. ಅಂದರೆ ಅಲ್ಲ!

ಕಮ್ಯುನಿಸ್ಟ್ ಸರ್ಕಾರ ಬಂದ ಮೇಲೆ, 1949ರಲ್ಲಿ, ಸೋವಿಯತ್ ಮಾದರಿಯಂತೆ ಕ್ಲಬ್ಬಿಗೆ 'ಡೈನಮೊ' ಅಂತ ಹೆಸರಿಟ್ಟರು. 1957ರಲ್ಲಿ ಹಳೇ ಹೆಸರು ವಾಪಸ್ ಬಂತು. 1969ರಲ್ಲಿ ಸ್ಪಾರ್ಟಕ್ ಅನ್ನೋ ಇನ್ನೊಂದು ಕ್ಲಬ್ ಜೊತೆ ಬಲವಂತದ ಮದುವೆ ಮಾಡಿಸಿ, ಗೃಹ ಇಲಾಖೆಯ ಕೆಳಗೆ ತಂದು 'ಲೆವ್ಸ್ಕಿ ಸ್ಪಾರ್ಟಕ್' ಮಾಡಿದರು. ಆ ಹೆಸರಿನಲ್ಲೇ 1976ರಲ್ಲಿ ಯೋಹಾನ್ ಕ್ರೈಫ್ ಇದ್ದ ಕಾಲದ ಬಾರ್ಸಿಲೋನಾವನ್ನು ಸೋಫಿಯಾದಲ್ಲಿ 5-4ರಿಂದ ಸೋಲಿಸಿದ್ದು. ಮೊದಲ ಪಂದ್ಯದಲ್ಲಿ 0-4 ಸೋತಿದ್ದರಿಂದ ಮುಂದಕ್ಕೆ ಹೋಗಲಾಗಲಿಲ್ಲ ಅನ್ನೋದು ಬೇರೆ ಮಾತು. ದ್ಯಾದೊ ಹೇಳುವಾಗ ಆ ಬೇರೆ ಮಾತನ್ನು ಬಿಟ್ಟೇಬಿಟ್ಟರು, ಮೊಮ್ಮಗ ಸೇರಿಸಿದ.

ಎಲ್ಲಕ್ಕಿಂತ ಕೆಟ್ಟದ್ದು 1985. ಜೂನ್ 19ರ ಕಪ್ ಫೈನಲ್, ಅದೇ ರಾಷ್ಟ್ರೀಯ ಮೈದಾನ, ಅದೇ ಸಿಎಸ್‌ಕೆಎ. ಮೈದಾನದಲ್ಲೇ ಆಟಗಾರರು ಹೊಡೆದಾಡಿಕೊಂಡರು. ಸಿಎಸ್‌ಕೆಎ 2-1ರಿಂದ ಗೆದ್ದರೂ ಯಾರಿಗೂ ಗೆಲುವು ದಕ್ಕಲಿಲ್ಲ. ಪಕ್ಷದ ಮೇಲಿನವರಿಗೆ ಸಿಟ್ಟು ಬಂತು. ಎರಡೂ ಕ್ಲಬ್ಬುಗಳನ್ನು ವಿಸರ್ಜಿಸಿ ಹೊಸ ಹೆಸರು ಕೊಟ್ಟರು. ಸಿಎಸ್‌ಕೆಎ 'ಸ್ರೆದೆಟ್ಸ್' ಆಯಿತು, ಲೆವ್ಸ್ಕಿ 'ವಿತೋಷ' ಆಯಿತು. ವಿತೋಷ ಅಂದರೆ ಸೋಫಿಯಾದ ಬೆನ್ನಿಗೇ ನಿಂತಿರುವ ಬೆಟ್ಟ. ಆ ವರ್ಷದ ಲೀಗ್ ಪಟ್ಟವನ್ನೂ ಲೆವ್ಸ್ಕಿಯಿಂದ ಕಿತ್ತುಕೊಂಡರು. ಕೆಲವು ಆಟಗಾರರಿಗೆ ಜೀವನಪರ್ಯಂತ ನಿಷೇಧ. ಅದರಲ್ಲಿ ಲೆವ್ಸ್ಕಿಯ ಗೋಲ್‌ಕೀಪರ್ ಬೊರಿಸ್ಲಾವ್ ಮಿಹಾಯ್ಲೋವ್ ಇದ್ದ, ಸಿಎಸ್‌ಕೆಎಯ 19ರ ಹುಡುಗ ಹ್ರಿಸ್ಟೊ ಸ್ಟೊಯ್ಚ್ಕೋವ್ ಇದ್ದ. ಪುಣ್ಯಕ್ಕೆ ನಿಷೇಧವನ್ನು ಬೇಗ ಹಿಂತೆಗೆದುಕೊಂಡರು. 1994ರ ವಿಶ್ವಕಪ್‌ನಲ್ಲಿ ಜರ್ಮನಿಯನ್ನು ಮನೆಗೆ ಕಳಿಸಿ ಸೆಮಿಫೈನಲ್ ತಲುಪಿದ ಬಲ್ಗೇರಿಯಾಕ್ಕೆ ಮಿಹಾಯ್ಲೋವನೇ ನಾಯಕ, ಸ್ಟೊಯ್ಚ್ಕೋವನೇ ಗೋಲುಗಾರ.

"ವಿತೋಷ ಅಂತ ಇದ್ದಾಗ ನೀವು ಏನಂತ ಕೂಗ್ತಿದ್ರಿ?" ಅಂತ ಕೇಳಿದೆ. ದ್ಯಾದೊಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಲೆವ್ಸ್ಕಿ! ಮತ್ತಿನ್ನೇನು? ಹೆಸರು ಬದಲಾದದ್ದು ಪೇಪರಿನಲ್ಲಿ. ಬೆಟ್ಟಕ್ಕೆ ವಿತೋಷ ಅಂತೀವಿ, ತಂಡಕ್ಕೆ ಲೆವ್ಸ್ಕಿ ಅಂತೀವಿ" ಅಂದರು. ಕಮ್ಯುನಿಸ್ಟ್ ಆಡಳಿತ ಕುಸಿದ ಹೊತ್ತಿಗೆ ಹೆಸರು ವಾಪಸ್ ಬಂತು, ಕಿತ್ತುಕೊಂಡ ಪಟ್ಟವೂ ಬಂತು.

ಆದರೆ ಸರ್ಕಾರದ ಕೈಯಿಂದ ತಪ್ಪಿಸಿಕೊಂಡ ಕ್ಲಬ್ಬು ದುಡ್ಡಿನ ಕೈಗೆ ಸಿಕ್ಕಿತು. ಮೊದಮೊದಲು ಚೆನ್ನಾಗೇ ಇತ್ತು. 1994ರಲ್ಲಿ ಸಿಎಸ್‌ಕೆಎಯನ್ನು 7-1ರಿಂದ ಹೊಡೆದರು. 2006ರಲ್ಲಿ ಚಾಂಪಿಯನ್ಸ್ ಲೀಗಿನ ಗುಂಪು ಹಂತ ತಲುಪಿದ ಮೊದಲ ಬಲ್ಗೇರಿಯನ್ ತಂಡವಾಯಿತು. ಗುಂಪಿನಲ್ಲಿ ಬಾರ್ಸಿಲೋನಾ, ಚೆಲ್ಸಿ, ವೆರ್ಡರ್ ಬ್ರೆಮನ್. ಆರಕ್ಕೆ ಆರೂ ಸೋಲು, ಹೊಡೆದದ್ದು ಒಂದೇ ಗೋಲು. ಆ ಒಂದು ಗೋಲನ್ನೂ ಅವರು ಮರೆತಿಲ್ಲ. 2009ರಲ್ಲಿ 26ನೇ ಲೀಗ್ ಪಟ್ಟ. ಆಮೇಲೆ ಬರಗಾಲ. ಈಶಾನ್ಯದ ರಾಜ್‌ಗ್ರಾಡ್ ಎಂಬ ಸಣ್ಣ ಊರಿನ ಲುದೊಗೊರೆಟ್ಸ್ ತಂಡ, ಹಣವಂತ ಮಾಲೀಕನ ಬಲದಿಂದ, 2012ರಿಂದ ಪ್ರತಿ ವರ್ಷ ಪಟ್ಟ ಹೊತ್ತೊಯ್ಯತೊಡಗಿತು.

2020ರ ಆರಂಭದಲ್ಲಿ ಲೆವ್ಸ್ಕಿಯ ಮಾಲೀಕ, ಲಾಟರಿ ವ್ಯವಹಾರದ ದೊಡ್ಡ ಕುಳ, ಸರ್ಕಾರ ಹೂಡಿದ ಕೇಸುಗಳ ನಡುವೆ ದೇಶ ಬಿಟ್ಟ. ದುಡ್ಡಿನ ನಲ್ಲಿ ರಾತ್ರೋರಾತ್ರಿ ಬಂದ್. ಸಾಲದ ಹೊರೆ, ಸಂಬಳದ ಬಾಕಿ, ಮೇಲೆ ಕೊರೊನಾ. ಶತಮಾನ ದಾಟಿದ ಕ್ಲಬ್ಬು ಮುಚ್ಚೇಹೋಗುತ್ತೆ ಅನ್ನೋ ಮಾತು ಹುಟ್ಟಿತು. ಹಳೇ ಆಟಗಾರ ನಾಸ್ಕೊ ಸಿರಾಕೋವ್ ಹೊಣೆ ಹೊತ್ತುಕೊಂಡರು. ಅಭಿಮಾನಿಗಳು ಕೈಲಾದಷ್ಟು ಕೂಡಿಸಿದರು. 2006ರ ತಂಡದ ಕೋಚ್ ಸ್ತಾನಿಮಿರ್ ಸ್ತೋಯ್ಲೋವ್ 2021ರಲ್ಲಿ ವಾಪಸ್ ಬಂದರು. ಅವರ ತಂಡವೇ ನಾನು ನೋಡಿದ ಫೈನಲ್ ಗೆದ್ದದ್ದು.

ದ್ಯಾದೊ ಎದ್ದು ಹೋಗಿ ಬೀರುವಿನಿಂದ ಒಂದು ಬಿಸ್ಕತ್ತಿನ ಡಬ್ಬ ತಂದರು. ಹಳೇ ಟಿಕೆಟ್‌ಗಳ ಮೇಲೆ ಮಡಚಿಟ್ಟ ಬ್ಯಾಂಕಿನ ಚೀಟಿ: 20 ಲೆವಾ, 2020ರದ್ದು. ಸಾವಿರ ರೂಪಾಯಿಯ ಆಸುಪಾಸು. ಪಿಂಚಣಿಯಲ್ಲಿ ಬದುಕುವ ಮನುಷ್ಯ. "ಆ ತಿಂಗಳು ಔಷಧಿ ದುಡ್ಡಿಗೆ ನನ್ನ ಹತ್ರ ಕೇಳಿದ್ರು. ಯಾಕೆ ಅಂತ ಆಮೇಲೆ ಗೊತ್ತಾಯ್ತು" ಅಂದ ಮೊಮ್ಮಗ. ದ್ಯಾದೊ ಮಾತಾಡಲಿಲ್ಲ, ಚೀಟಿಯನ್ನು ಮತ್ತೆ ಮಡಚಿಟ್ಟರು. ಸ್ಟೇಡಿಯಂನಲ್ಲಿ ನನ್ನ ಹೆಗಲ ಮೇಲೆ ಅತ್ತ ಮೀಸೆಯವರ ಮನೆಯಲ್ಲೂ ಇಂಥದ್ದೊಂದು ಚೀಟಿ ಇರಬಹುದು ಅನ್ನಿಸಿತು.

ಎರಡು ದಿನ ಬಿಟ್ಟು ಮೇ 24. ಆಫೀಸಿಗೆ ರಜೆ. ಸಿರಿಲಿಕ್ ಲಿಪಿಗೆ ಬುನಾದಿ ಹಾಕಿದ ಸಂತರಾದ ಸಿರಿಲ್ ಮತ್ತು ಮೆಥೋಡಿಯಸ್ ಹೆಸರಿನಲ್ಲಿ ಅಕ್ಷರಕ್ಕಾಗಿ ಒಂದು ರಾಷ್ಟ್ರೀಯ ಹಬ್ಬ. ಕ್ಲಬ್ಬಿನ ಹುಟ್ಟುಹಬ್ಬವೂ ಅವತ್ತೇ. ನಾನು ಒಬ್ಬನೇ ಲೆವ್ಸ್ಕಿ ಸ್ಮಾರಕಕ್ಕೆ ಹೋದೆ. ಗಲ್ಲಿಗೇರಿಸಿದ ಜಾಗದ ಹತ್ತಿರವೇ 1895ರಲ್ಲಿ ನಿಲ್ಲಿಸಿದ ಕಲ್ಲಿನ ಕಂಬ, ಸುತ್ತ ಟ್ರಾಫಿಕ್ಕು. ಕೆಳಗೆ ಯಾರೋ ಹೂವಿನ ಜೊತೆ ನೀಲಿ ಸ್ಕಾರ್ಫ್ ಇಟ್ಟು ಹೋಗಿದ್ದರು.

ವಾರದ ನಂತರ ಬೆಂಗಳೂರಿಗೆ ಬಂದೆ. ಊರಿಗೆ ಹೋಗೋಕೆ ರಾತ್ರಿ ರೈಲು. ಆಟೋ ಹತ್ತಿ ಅಭ್ಯಾಸದಂತೆ "ಮೆಜೆಸ್ಟಿಕ್" ಅಂದೆ. ಆ ಹೆಸರಿನ ಚಿತ್ರಮಂದಿರ ಈಗಿಲ್ಲ. ಸ್ಟೇಷನ್ ಮೇಲೆ ದೊಡ್ಡದಾಗಿ ಬರೆದಿರುವುದು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಅಂತ. ಅಲ್ಲಿ ಸರ್ಕಾರ ಅಳಿಸಿದ ಹೆಸರನ್ನು ಜನ ಬಾಯಲ್ಲಿ ಉಳಿಸಿಕೊಂಡರು. ಇಲ್ಲಿ ಸರ್ಕಾರ ಬರೆದ ಹೆಸರು ನನ್ನ ಬಾಯಿಗೆ ಬರಲಿಲ್ಲ.

"ರಾಯಣ್ಣ ಸ್ಟೇಷನ್ನಿಗೆ ಹೋಗ್ಬೇಕು ಅಣ್ಣ" ಅಂತ ತಿದ್ದಿ ಹೇಳಿದೆ. ಆಟೋದವರು ಕನ್ನಡಿಯಲ್ಲಿ ನನ್ನನ್ನೇ ನೋಡಿ, "ಅದೇ ಸಾರ್, ಮೆಜೆಸ್ಟಿಕ್ ತಾನೆ?" ಅಂದರು. ನಾನು ತಲೆ ಆಡಿಸಿದೆ. ಹೌದೋ ಇಲ್ಲವೋ, ನನಗೇ ಗೊತ್ತಾಗಲಿಲ್ಲ.