ಹಿಂದಿನ ಪುಟದಿಂದ ತಂದ ತಕರಾರು

ನಮ್ಮ ಮೇಲಿನ ಮನೆಯಲ್ಲಿ ಒಂದು ಕುರ್ಚಿಯಿದೆ. ನಾನು ಅದನ್ನು ಕಣ್ಣಾರೆ ಕಂಡಿಲ್ಲ. ಆದರೆ ಅದರ ಒಂದು ಕಾಲಿಗೆ ರಬ್ಬರ್ ಬುಶ್ ಇಲ್ಲ, ಅದು ಊಟದ ಮೇಜಿನ ಕುರ್ಚಿ, ಅದರ ಮೇಲೆ ಕೂಡುವವರಿಗೆ ಎತ್ತಿ ಇಡುವ ರೂಢಿಯಿಲ್ಲ ಎಂಬಷ್ಟನ್ನು ಹನ್ನೊಂದು ವರ್ಷದ ಅಭ್ಯಾಸದಿಂದ ಹೇಳಬಲ್ಲೆ. ರಾತ್ರಿ ಹತ್ತೂ ಐವತ್ತಕ್ಕೆ ಅದು ಹಿಂದಕ್ಕೆ ಸರಿಯುತ್ತದೆ. ಹನ್ನೊಂದೂ ಹತ್ತಕ್ಕೆ ಮುಂದಕ್ಕೆ. ನಡುವಿನ ಇಪ್ಪತ್ತು ನಿಮಿಷ ಅವರು ಊಟ ಮಾಡುತ್ತಾರೆ, ನಾನು ಸೂರು ನೋಡುತ್ತ ಕಾಯುತ್ತೇನೆ. ಎರಡನೆಯ ಎಳೆತ ಮುಗಿದ ಮೇಲೆ ನನ್ನಾಕೆ ಮಗ್ಗಲು ಬದಲಿಸಿ, "ಆತಲ್ಲ, ಇನ್ನ ಮಲಕೋರಿ" ಅನ್ನುತ್ತಾಳೆ. ಅವಳಿಗೆ ಕುರ್ಚಿ ಕೇಳಿಸುವುದಿಲ್ಲವಂತೆ. ನಾನು ಕಾಯುವುದು ಕೇಳಿಸುತ್ತದಂತೆ.

ತಮಾಷೆಯೆಂದರೆ ನಾನು ಸದ್ದಿಗೆ ಹೆದರುವ ಪೈಕಿಯೇ ಅಲ್ಲ. ಠಾಣೆಯ ವಾಗ್ಳೆ ಎಸ್ಟೇಟಿನ ರೋಡ್ ನಂಬರ್ 22ರ ಒಂದು ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದವನು. ಪ್ಲೈವುಡ್ಡಿನ ಅಡ್ಡಗೋಡೆಯ ಆಚೆ ಪವರ್ ಪ್ರೆಸ್, ಈಚೆ ನನ್ನ ಲೆಡ್ಜರು. ಪ್ರೆಸ್ಸು ಒಂದೊಂದು ಸಲ ಬಿದ್ದಾಗಲೂ ಮೇಜಿನ ಮೇಲಿನ ಚಹಾದಲ್ಲಿ ಉಂಗುರ ಏಳುತ್ತಿತ್ತು. ಆ ಸದ್ದಿಗೆ ನಾನೆಂದೂ ಗೊಣಗಲಿಲ್ಲ. ಅದು ನಿಂತಾಗಲೇ ಎದೆ ಡವಗುಟ್ಟುತ್ತಿದ್ದದ್ದು: ಆರ್ಡರ್ ಇಲ್ಲ, ಈ ತಿಂಗಳು ಪಗಾರ ಏಳರ ಬದಲು ಹದಿನೇಳಕ್ಕೆ. ಅದು ಸಂಬಳದ ಸದ್ದು. ಕುರ್ಚಿಯದು ಬಿಟ್ಟಿ ಸದ್ದು. ಬಿಟ್ಟಿಯಾಗಿ ಬಂದದ್ದು ಯಾವುದೂ ಲೆಕ್ಕದವನಿಗೆ ರುಚಿಸುವುದಿಲ್ಲ.

1962ರಲ್ಲಿ ಹುಟ್ಟಿದ ಎಂಐಡಿಸಿಯ, ಅಂದರೆ ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮದ, ಲೆಕ್ಕ ಶುರುವಾಗುವುದೇ ವಾಗ್ಳೆ ಎಸ್ಟೇಟಿನಿಂದ. ಈಗ ಎಷ್ಟೋ ಶೆಡ್ಡುಗಳು ಹೋಗಿ ಗಾಜಿನ ಕಟ್ಟಡಗಳು ಬಂದಿವೆ. ಒಳಗೆ ಕೂತವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿರುತ್ತಾರೆ. ಕಾರ್ಖಾನೆಯ ಸದ್ದು ಹೋಯಿತಲ್ಲ ಎಂದು ಸಮಾಧಾನಪಡುವಷ್ಟರಲ್ಲಿ ಆ ಗಾಜಿನ ಕಟ್ಟಡಗಳ ಜನರೇಟರು, ಅವರ ಕಾರುಗಳ ರಿವರ್ಸ್ ಸಂಗೀತ ಆ ಜಾಗ ತುಂಬಿದವು. ನಮ್ಮ ಬಿಲ್ಡಿಂಗು ಎಸ್ಟೇಟು ಮುಗಿದು ಶ್ರೀನಗರ ಶುರುವಾಗುವ ಅಂಚಿನಲ್ಲಿದೆ. ಇದರಿಂದ ಒಂದು ಕಾನೂನಿನ ತೊಡಕು ಹುಟ್ಟಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45. ಕೈಗಾರಿಕಾ ಪ್ರದೇಶಕ್ಕೆ ಹಗಲು 75, ರಾತ್ರಿ 70. ಹಗಲಿಗೆ ಇಪ್ಪತ್ತೇ ತಾನೇ ಹೆಚ್ಚು ಎಂದುಕೊಳ್ಳಬೇಡಿ. ಡೆಸಿಬೆಲ್ಲಿನ ಲೆಕ್ಕದಲ್ಲಿ ಪ್ರತಿ ಹತ್ತಕ್ಕೆ ಸದ್ದಿನ ತೀವ್ರತೆ ಹತ್ತು ಪಟ್ಟಾಗುತ್ತದೆ, ಇಪ್ಪತ್ತಕ್ಕೆ ನೂರು ಪಟ್ಟು. ನಮ್ಮ ಅಡಿಗೆಮನೆಯ ಕಿಟಕಿ ಎಸ್ಟೇಟಿನ ಕಡೆಗೆ, ಮಲಗುವ ಕೋಣೆಯದು ಶ್ರೀನಗರದ ಕಡೆಗೆ. ಅಂದರೆ ನಮ್ಮನೆಯಲ್ಲಿ ಒಗ್ಗರಣೆ ಹಾಕುವವರು ಹಾಸಿಗೆಯಲ್ಲಿರುವವರಿಗಿಂತ ನೂರು ಪಟ್ಟು ಸಹಿಸಿಕೊಳ್ಳಬೇಕು. ಇದನ್ನು ಓದಿ ಹೇಳಿದಾಗ ನನ್ನಾಕೆ, "ಅದಕ್ಕ ಕಾಯ್ದೆ ಯಾಕ ಬೇಕಿತ್ತು?" ಅಂದಳು.

ಇನ್ನೂ ಕಟ್ಟುನಿಟ್ಟಾದ ಮಿತಿ ಶಾಂತ ವಲಯದ್ದು: 50 ಮತ್ತು 40. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ನೂರು ಮೀಟರು. ನಮಗೆ ನಡೆದುಹೋಗುವ ದೂರದಲ್ಲಿ, 1901ರಿಂದ ಇರುವ ಠಾಣೆಯ ಮಾನಸಿಕ ಆಸ್ಪತ್ರೆಯಿದೆ. ಮಹಾರಾಷ್ಟ್ರದಲ್ಲಿ ಯಾರಾದರೂ ಒಂದೇ ಮಾತನ್ನು ಮೂರು ಸಲ ಆಡಿದರೆ "ಠಾಣ್ಯಾಲಾ ಪಾಠವಾ" ಅನ್ನುತ್ತಾರೆ, ನಮ್ಮ ಕಡೆ "ಧಾರವಾಡಕ್ಕ ಕಳಸ್ರಿ" ಅನ್ನುವ ಹಾಗೆ. ನಾನು ಹುಟ್ಟಿದ್ದು ಧಾರವಾಡದಲ್ಲಿ, ಇರುವುದು ಠಾಣೆಯಲ್ಲಿ. ನೆಂಟರಿಗೆ ಈ ಎರಡು ಊರಿನ ಹೆಸರು ಒಟ್ಟಿಗೆ ಹೇಳಿದರೆ ಸಾಕು, ಮುಂದಿನ ಮಾತು ಅವರೇ ಮುಗಿಸುತ್ತಾರೆ. ಮುಲುಂಡ್ ಮತ್ತು ಠಾಣೆಯ ನಡುವಿನ ಹೊಸ ರೈಲು ನಿಲ್ದಾಣ ಕೂಡ ಅದೇ ಆಸ್ಪತ್ರೆಯ ಜಾಗದಲ್ಲಿ ಬರಲಿದೆ. ಅಂತೂ ಈ ಊರಿನಲ್ಲಿ ತಲೆ ಕೆಡದಂತೆ ಕಾಯ್ದೆ ಎಲ್ಲಕ್ಕಿಂತ ಹೆಚ್ಚು ಕಾಪಾಡುವುದು ಆ ಕಂಪೌಂಡಿನ ಒಳಗಿನವರನ್ನು. ಹೊರಗೆ ಇರುವವರದು ದೈವೇಚ್ಛೆ.

ಸದ್ದಿನ ವಿಷಯದಲ್ಲಿ ನಿಜಕ್ಕೂ ಕೆಲಸ ಮಾಡಿದ ಠಾಣೆಯವರಿದ್ದಾರೆ, ಗೊಣಗಿ ಸುಮ್ಮನಾದವರಲ್ಲ. ಡಾಕ್ಟರ್ ಮಹೇಶ ಬೇಡೇಕರ್ ಹೈಕೋರ್ಟಿಗೇ ಹೋದರು. 2016ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಅಭಯ ಓಕಾ ಅವರಿದ್ದ ಪೀಠ ಹಬ್ಬದ ಧ್ವನಿವರ್ಧಕಗಳ ಬಗ್ಗೆ ಉದ್ದದ ತೀರ್ಪು ಕೊಟ್ಟಿತು. ಓಕಾ ಅವರೂ ಠಾಣೆಯ ಜಿಲ್ಲಾ ಕೋರ್ಟಿನಲ್ಲಿ ವಕೀಲಿ ಶುರು ಮಾಡಿದವರೇ, ಈ ಊರಿನ ಗಣಪತಿಯ ಮೆರವಣಿಗೆ ಕಿವಿಯಾರೆ ಬಲ್ಲವರು. ಮರುವರ್ಷ ಶಾಂತ ವಲಯದ ವಿಚಾರಣೆ ನಡೆಯುತ್ತಿದ್ದಾಗ ರಾಜ್ಯ ಸರಕಾರ ಅವರ ಮೇಲೆ ಪಕ್ಷಪಾತದ ಆರೋಪ ಹೊರಿಸಿ, ವಕೀಲರು ಎದ್ದುನಿಂತ ಮೇಲೆ ಅದನ್ನು ನುಂಗಿಕೊಂಡಿತು. 2019ರಲ್ಲಿ ಅವರು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿ ಹೋದಾಗ ನನಗೆ ವಿಚಿತ್ರ ಹೊಟ್ಟೆಕಿಚ್ಚಾಯಿತು. ನಾನು ಬಿಟ್ಟುಬಂದ ನಾಡಿಗೆ ನಮ್ಮೂರಿನ ಒಂದೇ ಒಂದು ಕೇಳುವ ಕಿವಿ ಹೊರಟುಹೋಯಿತಲ್ಲ ಎಂದು.

ನಮ್ಮ ತಕರಾರುಗಳು ಆ ಎತ್ತರಕ್ಕೆ ಏರುವಂಥವಲ್ಲ. ಕುರ್ಚಿಯ ಮೇಲೆ ರಿಟ್ ಅರ್ಜಿ ಹಾಕಲಾದೀತೆ? ನಾನು ಸೊಸೈಟಿಗೆ ಬರೆಯುತ್ತೇನೆ. ನನ್ನ ಮರಾಠಿ ಬಾಯಿಗೆ ಬರುತ್ತದೆ, ಕೈಗೆ ಬರುವುದಿಲ್ಲ. ನನ್ನಾಕೆ ಬೆಳಗಾವಿಯವಳು, ಮರಾಠಿ ಶಾಲೆಯಲ್ಲಿ ಓದಿದವಳು. ಹಾಗಾಗಿ ಸಿಟ್ಟು ನನ್ನದು, ಅಕ್ಷರ ಅವಳದು. ಸಾಲು ಪೂರ್ತಿ ಬರೆದಾದ ಮೇಲೆ ತಲೆಗೆರೆಯನ್ನು ಒಮ್ಮೆಗೇ ಎಳೆಯುತ್ತಾಳೆ, ಮೊದಲು ಬಟ್ಟೆ ಜೋಡಿಸಿ ಆಮೇಲೆ ಹಗ್ಗ ಕಟ್ಟಿದ ಹಾಗೆ. ಸಾಲಿನ ಕೊನೆಗೆ ಆ ಹಗ್ಗ ಸ್ವಲ್ಪ ಮೇಲಕ್ಕೆ ಏಳುತ್ತದೆ. ನಾನು "ಅಸಹ್ಯ ಹಿಂಸೆ" ಎಂದರೆ ಅವಳು "ಥೋಡಾ ತ್ರಾಸ್" ಎಂದು ಬರೆಯುತ್ತಾಳೆ. ಕಾಗದದ ನೆತ್ತಿಗೆ ದೊಡ್ಡದಾಗಿ ತಕ್ರಾರ್ ಅರ್ಜ್. ಕನ್ನಡದ ನಮ್ಮ ತಕರಾರೂ ಅದೇ. ಶೆಡ್ಡಿನಲ್ಲಿದ್ದ ಫಿಟ್ಟರ್ ಚಾಚಾ ಹತ್ತು ವರ್ಷ ಕುವೈತಿನಲ್ಲಿದ್ದು ಬಂದವರು. ಆ ಪದ ಅರಬ್ಬಿಯದು, ಅಲ್ಲಿ ಅದಕ್ಕೆ ಪುನರಾವರ್ತನೆ ಎಂದರ್ಥ, ಹೇಳಿದ್ದನ್ನೇ ಹೇಳುವುದು ಅಂತ, ಎಂದು ಅವರೇ ನನಗೆ ತಿಳಿಸಿದ್ದು. ಆ ದಿನದಿಂದ ನಾನು ಪ್ರತಿ ವರ್ಷ ಹೊಸದಾಗಿ ಬರೆಸುವುದನ್ನು ಬಿಟ್ಟು, ಹಳೆಯ ಪ್ರತಿಯ ಝೆರಾಕ್ಸಿನ ಮೇಲೆ ತಾರೀಖು ತಿದ್ದಿ ಕೊಡುತ್ತಿದ್ದೇನೆ.

ಉಳಿದವು ಕಾಗದದ ಖರ್ಚಿಗೂ ಲಾಯಕ್ಕಿಲ್ಲದವು. ತೀನ್ ಹಾತ್ ನಾಕಾಕ್ಕೆ ಬರುವುದಿಲ್ಲ ಎಂದು ಬಾಯಲ್ಲಿ ಹೇಳದೆ ಬರೀ ಗದ್ದ ಎತ್ತಿ ತೋರಿಸುವ ರಿಕ್ಷಾದವನು. ಮೂರನೆಯ ಮಾಳಿಗೆಯ ಪಾರ್ಸಲ್ಲಿಗೆ ನಮ್ಮ ಬೆಲ್ಲು ಒತ್ತುವ ಹುಡುಗ. ಸೊಸೈಟಿಯ ವಾಟ್ಸಾಪಿನಲ್ಲಿ ಬೆಳಿಗ್ಗೆ ಐದಕ್ಕೆ ಸೂರ್ಯನಿಗಿಂತ ಮೊದಲು ಅರಳುವ ಗುಲಾಬಿ. ಭಾನುವಾರವೇ ಗೋಡೆ ಕೊರೆಯುವ ಡ್ರಿಲ್ಲು. ಇವುಗಳಿಗೆಲ್ಲ ನಾನು ಬಾಲ್ಕನಿಯಲ್ಲಿ ನಿಂತು ಧಾರವಾಡದ ಭಾಷೆಯಲ್ಲಿ ಎರಡು ಮಾತು ಆಡಿ ಒಳಗೆ ಬರುತ್ತೇನೆ. ಯಾರಿಗೂ ತಿಳಿಯುವುದಿಲ್ಲ, ಯಾರಿಗೂ ನೋಯುವುದಿಲ್ಲ. ಬಿಪಿ ಗುಳಿಗೆಗಿಂತ ಅಗ್ಗ.

ತಿಳಿಯುವವರು ಒಬ್ಬರಿದ್ದಾರೆ, ಪಕ್ಕದ ವಿಂಗಿನ ಮೈಸೂರು ರಾಯರು. ಅವರ ಮುಂದೆ ಯಾವ ಊರಿನ, ಯಾವ ಕಾಲದ ತೊಂದರೆ ಹೇಳಿದರೂ ಒಂದೇ ಉತ್ತರ: "ಮಹಾರಾಜರ ಕಾಲದಲ್ಲಿ ಹೀಗಿರ್ಲಿಲ್ಲ ಕಣ್ರೀ." ರಾಜಮನೆತನಗಳೆಂದರೆ ನನಗೆ ಅಷ್ಟಕ್ಕಷ್ಟೆ. ನಮ್ಮ ನೀರಿನ ಟ್ಯಾಂಕರು ಬರದ ದಿನವೂ ಟಿವಿಯವರಿಗೆ ಲಂಡನ್ನಿನ ಅಣ್ಣತಮ್ಮಂದಿರ ಜಗಳವೇ ದೊಡ್ಡದು. ಆ ಮನೆಯ ಹಳೆಯ ಬಾಕಿ ಬೇರೆ ಇದೆ. 1661ರ ಮದುವೆಯ ಕರಾರಿನಲ್ಲಿ ಎರಡನೇ ಚಾರ್ಲ್ಸ್ ದೊರೆಗೆ ಪೋರ್ಚುಗಲ್ಲಿನವರು ಮುಂಬಯಿಯನ್ನು ವರದಕ್ಷಿಣೆಯಾಗಿ ಬರೆದುಕೊಟ್ಟರು. ಸಾಲ್ಸೆಟ್ಟೆ ದ್ವೀಪ, ಅಂದರೆ ನಮ್ಮ ಠಾಣೆಯೂ, ಅದರಲ್ಲಿ ಸೇರಿದೆ ಎಂದು ಗಂಡಿನ ಕಡೆಯವರು. ಇಲ್ಲ ಎಂದು ಹೆಣ್ಣಿನ ಕಡೆಯವರು. ಕೊಡಲಿಲ್ಲ. 1668ರಲ್ಲಿ ದೊರೆ ಮುಂಬಯಿಯನ್ನು ವರ್ಷಕ್ಕೆ ಹತ್ತು ಪೌಂಡಿಗೆ ಈಸ್ಟ್ ಇಂಡಿಯಾ ಕಂಪನಿಗೆ ಬಾಡಿಗೆ ಕೊಟ್ಟ. ಇದನ್ನು ಕೇಳಿದಾಗೆಲ್ಲ ಮೊದಲ ಹದಿನಾರು ವರ್ಷ ನಾನು ಕಟ್ಟಿದ ಬಾಡಿಗೆ, ಡಿಪಾಜಿಟ್ಟು, ಹನ್ನೊಂದು ತಿಂಗಳಿಗೊಮ್ಮೆ ಗಂಟುಮೂಟೆ ಹೊತ್ತದ್ದು ನೆನಪಾಗಿ ಹೊಟ್ಟೆ ಉರಿಯುತ್ತದೆ. 2023ರಲ್ಲಿ ಮೂರನೇ ಚಾರ್ಲ್ಸನ ಪಟ್ಟಾಭಿಷೇಕಕ್ಕೆ ಮುಂಬಯಿಯ ಡಬ್ಬಾವಾಲಾಗಳು ಪುಣೇರಿ ಪಗಡಿ ಉಡುಗೊರೆ ಕೊಟ್ಟರು. ಪುಡಿಗಾಸಿನ ಬಾಡಿಗೆಗೆ ತಲೆಮಾರುಗಟ್ಟಲೆ ಮನೆ ಹಿಡಿದುಕೊಳ್ಳುವುದಕ್ಕೂ ಈ ಊರಿನಲ್ಲಿ ಪಗಡಿ ಎಂದೇ ಹೆಸರು. ಬೇರೆ ಯಾವ ಉಡುಗೊರೆಯೂ ಆ ಮನೆಗೆ ಇಷ್ಟು ಒಪ್ಪುತ್ತಿರಲಿಲ್ಲ.

"ಅವರ ಬಿಡಿ, ನಮ್ಮವರ ಮಾತಾಡಿ" ಎಂದರು ರಾಯರು. ನಮ್ಮವರ ಮಾತೇ ಆಡಿದೆ. ಕನ್ನಡದಲ್ಲಿ ಅರಸರ ಮೇಲೆ ಬಿದ್ದ ತಕರಾರುಗಳಲ್ಲಿ ಅಲಮೇಲಮ್ಮನದಕ್ಕಿಂತ ದೊಡ್ಡದು ಯಾವುದು? 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತೆಗೆದುಕೊಂಡರು. ಸೋತವರ ಕಡೆಯ ರಾಣಿ ಅಲಮೇಲಮ್ಮ. ಒಡವೆಗೆಂದು ಆಳುಗಳು ಬೆನ್ನಟ್ಟಿದಾಗ ಆಕೆ ಮಾಲಂಗಿಯ ಮಡುವಿಗೆ ಹಾರಿದಳು ಎಂಬುದು ಕತೆ. ಹಾರುವ ಮುಂಚೆ ಮೂರೇ ಮೂರು ಶಾಪದ ಮಾತು: ಊರಿಗೊಂದು, ಹೊಳೆಗೊಂದು, ದೊರೆಯ ಸಂತಾನಕ್ಕೊಂದು. ಅರ್ಜಿ ಎಂದರೆ ಹಾಗಿರಬೇಕು, ವಿಷಯ, ಉಲ್ಲೇಖ, ಪರಿಹಾರ ಎಲ್ಲ ಮೂರು ಸಾಲಿನಲ್ಲಿ. ಅರಮನೆಯವರು ಆಕೆಯ ಮೂರ್ತಿ ಮಾಡಿಸಿ ಪೂಜೆ ಮಾಡುತ್ತ ಬಂದರು. 2017ರ ಡಿಸೆಂಬರಿನಲ್ಲಿ ಅದೇ ಮನೆತನದ ಯದುವೀರರಿಗೆ ಮಗ ಹುಟ್ಟಿದಾಗ ಟಿವಿಯವರು ಶಾಪವಿಮೋಚನೆ ಎಂದು ಸಾರಿದರು. ನಾನೂರು ವರ್ಷದ ಮೇಲೆ ಕಡತ ಮುಕ್ತಾಯ. ಇಲ್ಲಿ ಮುಚ್ಚಿಕೊಂಡ ಗಟಾರದ ಬಗ್ಗೆ ನಾನೊಮ್ಮೆ ಒಂದು ಕಛೇರಿಗೆ ದೂರು ಕೊಟ್ಟರೆ ಎರಡೇ ದಿನಕ್ಕೆ "ತಕ್ರಾರ್ ನಿಕಾಲಿ ಕಾಢಲೀ" ಎಂದು ಮೊಬೈಲಿಗೆ ಸಂದೇಶ ಬಂತು. ದೂರನ್ನು ತೆಗೆದಿದ್ದರು, ಗಟಾರದ ಹೂಳನ್ನು ಮಾತ್ರ ತೆಗೆದಿರಲಿಲ್ಲ.

ರಾಯರು ಸೋಲೊಪ್ಪಲಿಲ್ಲ. "1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಮಾಡಿದ್ದು ಯಾರು ಸ್ವಾಮಿ?" ಎಂದು ಕೇಳಿದರು. ಇದು ಒಪ್ಪತಕ್ಕ ಮಾತು. ದಿವಾನ್ ರಂಗಾಚಾರ್ಲು ಅವರ ಏರ್ಪಾಡು: ದಸರೆಗೆ ಸೀಮೆ ಸೀಮೆಗಳಿಂದ 144 ಜನ ಮೈಸೂರಿಗೆ ಬರುವುದು, ಸರಕಾರ ವರ್ಷದಲ್ಲಿ ಏನು ಮಾಡಿತು ಎಂದು ದಿವಾನರು ಓದುವುದು, ಬಂದವರು ತಂತಮ್ಮ ಊರಿನ ಕುಂದುಕೊರತೆ ಹೇಳುವುದು. ತೀರ್ಮಾನಿಸುವ ಅಧಿಕಾರ ಇಲ್ಲ, ಮತ ಹಾಕುವುದಿಲ್ಲ. ಹೇಳುವುದು, ಕೇಳಿಸಿಕೊಳ್ಳುವುದು, ಮತ್ತೆ ದಸರೆ ನೋಡಿಕೊಂಡು ಊರಿಗೆ ಹೋಗುವುದು. ನಾನು ಅದನ್ನು ಲೇವಡಿ ಮಾಡಲು ಬಾಯಿ ತೆರೆದವನು ಅಲ್ಲೇ ನಿಲ್ಲಿಸಿದೆ. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು.

ನೋಡಿದ್ದು ನಮ್ಮ ಟೆರೇಸಿನ ಮೇಲೆ. ಕಾಯ್ದೆಯ ಪ್ರಕಾರ ಸೊಸೈಟಿಯ ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ಆಗಬೇಕು. ಗಣಪತಿ ಹೋಗಿ ದಸರೆ ಇನ್ನೂ ಬಾರದ ಸಂಧಿಕಾಲ. ಸೆಕ್ರೆಟರಿ ವರ್ಷದ ವರದಿ ಓದುತ್ತಾರೆ. ಆಮೇಲೆ ನೀರು, ಪಾರ್ಕಿಂಗು, ಲಿಫ್ಟು, ಪಾರಿವಾಳ. ತೀರ್ಮಾನ ಯಾವುದೂ ಆಗುವುದಿಲ್ಲ. ಕೊನೆಗೆ ಬಟಾಟೆವಡೆ. ಈ ಸಲದ ಸಭೆಗೆ ರಾಯರನ್ನು ಪಕ್ಕದಲ್ಲೇ ಕೂರಿಸಿಕೊಂಡೆ. ಹೋದ ವರ್ಷದ ನಡಾವಳಿ ಓದುವಾಗ ನನ್ನ ಕುರ್ಚಿ ಬಂತು. ಈ ವರ್ಷದ ತಕರಾರು ಓದುವಾಗ ಅದೇ ಕುರ್ಚಿ, ಅದೇ ಮಾತಿನಲ್ಲಿ, ಬರೀ ತಾರೀಖು ಬೇರೆಯಾಗಿ ಮತ್ತೆ ಬಂತು. ಮೇಲಿನ ಮನೆಯ ಹುಡುಗ ಎಂದಿನಂತೆ "ಕಾಕಾ, ಜರಾ ಅಡ್ಜಸ್ಟ್ ಕರಾ ನಾ" ಎಂದು ಕೈಮುಗಿದ. ಹಿಂದಿನ ಪುಟದಿಂದ ಮುಂದಿನ ಪುಟಕ್ಕೆ ಎಂದು ಬರೆದುಕೊಂಡರು.

"ಇನ್ನೊಂದು ನಿನಾವೀ ಅರ್ಜಿ ಇದೆ" ಎಂದರು ಸೆಕ್ರೆಟರಿ. ಹೆಸರಿಲ್ಲದ್ದು. ಎರಡನೆಯ ಮಾಳಿಗೆಯ ಬಾಲ್ಕನಿಯೊಂದರಿಂದ ಬೆಳಿಗ್ಗೆ ಐದೂವರೆಗೇ ಒಬ್ಬ ಹಿರಿಯರು ಯಾವುದೋ ಭಾಷೆಯಲ್ಲಿ ಜೋರಾಗಿ ಬಯ್ಯುತ್ತಾರೆ. ಯಾರನ್ನು ಎಂದು ತಿಳಿಯುವುದಿಲ್ಲ. ಮನೆಯಲ್ಲಿ ಮಲಗಿದವರಿಗೆ ಥೋಡಾ ತ್ರಾಸ್ ಆಗುತ್ತದೆ. ಸಮಿತಿ ಲಕ್ಷ್ಯ ವಹಿಸಬೇಕು.

ಜನ ನಕ್ಕರು. ರಾಯರು ಟೆರೇಸಿನ ಮೇಲಿನ ಟ್ಯಾಂಕನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಮೊದಲು ನಾನೂ ಮೇಲಿನ ಮನೆಯ ಹುಡುಗನನ್ನೇ ದುರುಗುಟ್ಟಿ ನೋಡಿದೆ. ಕೊಡಿ ಇಲ್ಲಿ, ಎಂದು ಕಾಗದ ಇಸಿದುಕೊಂಡು ಕನ್ನಡಕ ಏರಿಸಿದೆ. ನಾಲ್ಕೇ ಸಾಲು. ಅಕ್ಷರಗಳೆಲ್ಲ ಬರೆದಾದ ಮೇಲೆ ಒಮ್ಮೆಗೇ ಎಳೆದ ತಲೆಗೆರೆ, ಕೊನೆಗೆ ಸ್ವಲ್ಪ ಮೇಲಕ್ಕೆ ಎದ್ದಿತ್ತು.

ಹಿಂದಿನ ಸಾಲಿನಲ್ಲಿ, ಹೆಂಗಸರ ಜತೆ ಕೂತಿದ್ದ ನನ್ನಾಕೆ ವಡೆಯ ತಟ್ಟೆಗಳನ್ನು ಎಣಿಸುತ್ತಿದ್ದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೆಕ್ರೆಟರಿಯ ಕೈಗೆ ಕೊಟ್ಟೆ. "ಬರೋಬರ್ ಆಹೇ," ಎಂದೆ, "ನೋಂದ್ ಕರೂನ್ ಘ್ಯಾ."