ಬಣ್ಣವೂ ಬಣ್ಣಿಸುವಿಕೆಯೂ

|| ಓಂ ಶ್ರೀ ಗುರು ಬಸವಲಿಂಗಾಯ ನಮಃ ||



ವಿಶ್ವಗುರು ಬಸವಣ್ಣನವರು ಏಳು ನಿಷೇಧಗಳ ಮೂಲಕ ಅಂತರಂಗ ಬಹಿರಂಗ ಶುದ್ಧಿಯನ್ನು ಬೋಧಿಸಿದ ವಚನವು ಭಕ್ತರೆಲ್ಲರಿಗೂ ಕಂಠಪಾಠವಾಗಿದೆ. ಆದುದರಿಂದ ಅದನ್ನು ಇಲ್ಲಿ ಮತ್ತೆ ಉದ್ಧರಿಸುವುದಿಲ್ಲ. ಕಳವು, ಕೊಲೆ, ಹುಸಿ, ಮುನಿಸು, ಅನ್ಯರ ಬಗೆಗಿನ ಅಸಹ್ಯ, ಆತ್ಮಪ್ರಶಂಸೆ, ಪರನಿಂದೆ ಎಂಬ ಏಳರಲ್ಲಿ ಆರನೆಯದನ್ನು ಮಾತ್ರ ಇಂದಿನ ಚಿಂತನೆಗೆ ಎತ್ತಿಕೊಂಡಿದ್ದೇನೆ. ತನ್ನನ್ನು ತಾನು ಹೊಗಳಿಕೊಳ್ಳುವುದಕ್ಕೆ ಅಣ್ಣನವರು ಅಲ್ಲಿ ಬಳಸಿರುವ ಕ್ರಿಯಾಪದ ‘ಬಣ್ಣಿಸು’ ಎಂಬುದು. ಸಂಸ್ಕೃತದ ‘ವರ್ಣ’ವು ಕನ್ನಡದಲ್ಲಿ ತದ್ಭವವಾಗಿ ‘ಬಣ್ಣ’ವಾಯಿತು, ‘ವರ್ಣಿಸು’ ಎಂಬುದು ‘ಬಣ್ಣಿಸು’ ಆಯಿತು. ವಿಶ್ವವಿದ್ಯಾಲಯದ ತರಗತಿಯಲ್ಲಿ ಈ ವ್ಯುತ್ಪತ್ತಿಯನ್ನು ಬರೆದುಕೊಂಡು ಅಂಕಗಳನ್ನು ಪಡೆದವನು ನಾನು. ಆದರೆ ಅದರ ಅರ್ಥ ನನಗೆ ತಿಳಿದದ್ದು ತರಗತಿಯಲ್ಲಲ್ಲ. ಪರದೇಶದ ಮನೆಯೊಂದರ ಕೋಣೆಯಲ್ಲಿ ಮೊಣಕಾಲೂರಿ ಕುಳಿತಾಗ.

2017ರ ಬೇಸಗೆಯಲ್ಲಿ ಪೂಜ್ಯರು ಅಮೆರಿಕದ ಭಕ್ತರ ಆಹ್ವಾನವನ್ನು ಮನ್ನಿಸಿ ಅಲ್ಲಿಗೆ ದಯಮಾಡಿಸಿದರು. ಗ್ರಂಥ, ಟಿಪ್ಪಣಿ, ಪೂಜಾ ಸಾಮಗ್ರಿಗಳನ್ನು ನೋಡಿಕೊಳ್ಳುವ ಸೇವೆ ನನ್ನ ಪಾಲಿಗೆ ಬಂದಿತ್ತು. ನ್ಯೂಜೆರ್ಸಿಯಲ್ಲಿ ನಾಲ್ಕು ದಿನ ನಾವು ತಂಗಿದ್ದು ದಾವಣಗೆರೆ ಕಡೆಯ ಶರಣ ದಂಪತಿಗಳ ಬಾಡಿಗೆ ಮನೆಯಲ್ಲಿ. ಅವರು ಸ್ವಂತ ಮನೆಯನ್ನು ಕೊಂಡಿದ್ದರು. ಆ ತಿಂಗಳ ಕೊನೆಗೆ ಈ ಮನೆಯನ್ನು ಬಿಟ್ಟುಕೊಡಬೇಕಾಗಿತ್ತು. ಮೇಲಂತಸ್ತಿನ ಕೋಣೆಯಲ್ಲಿ ಅವರ ಚಿಕ್ಕ ಮಗ ಆಟದ ಕಾರುಗಳನ್ನು ಗೋಡೆಯ ಬುಡಕ್ಕೆ ಗುದ್ದಿ ಗುದ್ದಿ ಬಣ್ಣವನ್ನು ಕೆಡಿಸಿದ್ದನು. ಮನೆಯ ಮಾಲೀಕರ ಒಪ್ಪಿಗೆ ಪಡೆದು, ಅಷ್ಟನ್ನು ತಾವೇ ಬಳಿದುಕೊಡುವುದೆಂದು ದಂಪತಿಗಳು ನಿಶ್ಚಯಿಸಿದ್ದರು.

ನಮ್ಮ ಊರುಗಳ ಭಕ್ತರಿಗಾಗಿ ಇಲ್ಲಿ ಒಂದು ಮಾತನ್ನು ವಿವರಿಸಬೇಕು. ನಮ್ಮ ಮನೆಗಳಲ್ಲಿ ಗೋಡೆಯ ಬುಡಕ್ಕೆ ಕಲ್ಲಿನ ಅಥವಾ ಟೈಲಿನ ಪಟ್ಟಿಯನ್ನು ಕೂರಿಸುತ್ತೇವೆ, ಸ್ಕರ್ಟಿಂಗ್ ಎನ್ನುತ್ತೇವೆ. ನೆಲವೂ ಕಲ್ಲೇ, ಬಣ್ಣ ಸಿಡಿದರೆ ಒರೆಸಿದರಾಯಿತು. ಅಲ್ಲಿಯ ಮನೆಗಳದು ಮರದ ಚೌಕಟ್ಟು, ಜಿಪ್ಸಂ ಹಲಗೆಯ ಗೋಡೆ. ಗೋಡೆಯೂ ನೆಲವೂ ಕೂಡುವ ಸಂದನ್ನು ಮುಚ್ಚಲು, ಕಾಲು ಪೊರಕೆಗಳ ಪೆಟ್ಟನ್ನು ತಡೆಯಲು ಮೂರರಿಂದ ಐದು ಅಂಗುಲ ಎತ್ತರದ ಮರದ ಪಟ್ಟಿಯನ್ನು ಬಡಿದಿರುತ್ತಾರೆ. ಅದನ್ನು ಬೇಸ್‌ಬೋರ್ಡ್ ಎಂದು ಕರೆಯುತ್ತಾರೆ. ಅನೇಕ ಕೋಣೆಗಳಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಇರುತ್ತದೆ. ಅದು ನಮ್ಮ ಜಮಖಾನೆಯಂತೆ ಸುತ್ತಿ ಎತ್ತಿಡುವಂಥದ್ದಲ್ಲ. ಗೋಡೆಯ ಬುಡದಲ್ಲಿ ಮೊಳೆಗಳಿರುವ ಸಣ್ಣ ಮರದ ಪಟ್ಟಿಗಳಿಗೆ ಅದರ ಅಂಚನ್ನು ಬಿಗಿಯಾಗಿ ಸಿಕ್ಕಿಸಿ, ಉಳಿದ ತುದಿಯನ್ನು ಬೇಸ್‌ಬೋರ್ಡಿನ ಪಕ್ಕದ ಸಂದಿಗೆ ತುರುಕಿರುತ್ತಾರೆ. ಹೀಗಾಗಿ ಕಾರ್ಪೆಟ್ಟಿನ ಎಳೆಗಳು ಮರದ ಪಟ್ಟಿಗೆ ಒರಗಿಕೊಂಡೇ ನಿಂತಿರುತ್ತವೆ. ಒಂದಕ್ಕೆ ಬಳಿಯುವ ಬಣ್ಣವು ಇನ್ನೊಂದಕ್ಕೆ ತಾಗದಂತೆ ನೋಡಿಕೊಳ್ಳುವುದೇ ಅಲ್ಲಿಯ ಕೌಶಲ.

ಮೊದಲ ರಾತ್ರಿ ಮನೆಯ ಯಜಮಾನರು ಕೆಲಸದಿಂದ ಬಂದು, ಪ್ರಸಾದ ಸ್ವೀಕರಿಸಿ, ಕೋಣೆಯ ಎರಡು ಗೋಡೆಗಳನ್ನು ಮುಗಿಸಿದರು. ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಬಣ್ಣದ ಡಬ್ಬವನ್ನು ತೆರೆಯುವ ಮೊದಲೇ ಅವರು ಒಂದು ಗಂಟೆ ಸಿದ್ಧತೆ ಮಾಡಿಕೊಂಡರು. ಅಂಚಿನುದ್ದಕ್ಕೂ ವ್ಯಾಕ್ಯೂಮ್ ಯಂತ್ರದಿಂದ ಧೂಳನ್ನು ಹೀರಿದರು. ಇಲ್ಲದಿದ್ದರೆ ಧೂಳು, ಕೂದಲುಗಳು ಹಸಿ ಬಣ್ಣಕ್ಕೆ ಅಂಟುತ್ತವೆ. ಪಟ್ಟಿಯನ್ನು ಸಾಬೂನು ನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ, ಮರಳುಕಾಗದದಿಂದ ಹಗುರವಾಗಿ ಉಜ್ಜಿದರು. ಅಮೆರಿಕದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು 1978ರಲ್ಲಿ ನಿಷೇಧಿಸಲಾಯಿತು. ಅದಕ್ಕಿಂತ ಹಳೆಯ ಮನೆಯಾಗಿದ್ದರೆ ಪರೀಕ್ಷಿಸದೆ ಹೀಗೆ ಉಜ್ಜಬಾರದು, ಆ ಧೂಳು ಮಕ್ಕಳಿಗೆ ವಿಷ. ಇದು ಆಮೇಲೆ ಕಟ್ಟಿದ ಮನೆ ಎಂದು ಅವರು ತಿಳಿಸಿದರು.

ಬಳಿಕ ಎರಡು ಅಂಗುಲದ ಮಾಸ್ಕಿಂಗ್ ಟೇಪನ್ನು ಕಾರ್ಪೆಟ್ಟಿನ ಅಂಚಿಗೆ ಅಂಟಿಸಿ, ಪುಟ್ಟಿ ಹಚ್ಚುವ ಬ್ಲೇಡಿನಿಂದ ಟೇಪಿನ ಅಂಚನ್ನು ಸಂದಿಗೆ ಒತ್ತಿದರು. ಎಳೆಗಳೆಲ್ಲ ತಲೆ ಬಾಗಿ ಟೇಪಿನ ಕೆಳಗೆ ಅಡಗಿದವು. ಅದರಾಚೆ ದಪ್ಪ ಕ್ಯಾನ್ವಾಸ್ ಬಟ್ಟೆಯನ್ನು ಹಾಸಿದರು. ಪ್ಲಾಸ್ಟಿಕ್ ಹಾಳೆಯಾದರೆ ಬಿದ್ದ ಹನಿ ಹೀರದೆ ಹಸಿಯಾಗಿಯೇ ಉಳಿದು, ಅಂಗಾಲಿಗೆ ಮೆತ್ತಿಕೊಂಡು ಮನೆಯೆಲ್ಲ ತಿರುಗುತ್ತದೆ ಎಂದರು. ಬ್ರಷ್ಷಿನ ಕೂದಲನ್ನು ಮೂರನೆಯ ಒಂದು ಪಾಲು ಮಾತ್ರ ಅದ್ದಿ, ಬಟ್ಟಲಿನ ಎರಡೂ ಬದಿಗೆ ತಟ್ಟಿ, ತೆಳುವಾಗಿ ಎಳೆದರು. ಒಂದು ದಪ್ಪ ಲೇಪಕ್ಕಿಂತ ಎರಡು ತೆಳು ಲೇಪ ಮೇಲು; ದಪ್ಪವಾದರೆ ಬಣ್ಣ ಜಾರಿ ಟೇಪಿನ ಅಡಿಗೆ ನುಗ್ಗುತ್ತದೆ.

ಮರುದಿನ ದಂಪತಿಗಳು ಕೆಲಸಕ್ಕೆ ಹೋದರು, ಮಗು ಶಾಲೆಗೆ. ಪೂಜ್ಯರು ವಿಶ್ರಾಂತಿಯಲ್ಲಿದ್ದರು. ಉಳಿದ ಎರಡು ಗೋಡೆಗಳನ್ನು ನಾನೇ ಮುಗಿಸಿ ಅವರನ್ನು ಅಚ್ಚರಿಗೊಳಿಸಬೇಕೆಂಬ ಆಸೆ ನನ್ನಲ್ಲಿ ಹುಟ್ಟಿತು. ಅದನ್ನು ನಾನು ಸೇವಾಭಾವ ಎಂದು ಕರೆದುಕೊಂಡೆ. ಮೂರನೆಯ ಗೋಡೆ ಚೆನ್ನಾಗಿಯೇ ಆಯಿತು. ನಾಲ್ಕನೆಯ ಗೋಡೆಯ ನಡುವೆ ಟೇಪು ಮುಗಿಯಿತು. ನಿಲ್ಲಿಸಬೇಕಾಗಿತ್ತು. ಕೈ ಪಳಗಿದೆ, ಬ್ಲೇಡನ್ನು ಅಡ್ಡ ಹಿಡಿದರೆ ಸಾಕು ಎಂದುಕೊಂಡೆ. ಹಾಗೂ ಮಾಡುವವರಿದ್ದಾರೆ; ಆದರೆ ಪ್ರತಿ ಸಲವೂ ಬ್ಲೇಡನ್ನು ಒರೆಸಿಕೊಳ್ಳಬೇಕು, ಇಲ್ಲವಾದರೆ ಅದಕ್ಕೆ ಮೆತ್ತಿದ ಬಣ್ಣವೇ ಎಳೆಗಳಿಗೆ ತಾಗುತ್ತದೆ. ನನಗೆ ಬೇಗ ಮುಗಿಸುವ ಅವಸರ. ಹೆಚ್ಚು ಉದ್ದ ಎಳೆಯಬಹುದೆಂದು ಬ್ರಷ್ಷನ್ನು ಪೂರ್ತಿ ಅದ್ದಿದೆ. ಕ್ಯಾನ್ವಾಸ್ ಸರಿದಿದ್ದ ಜಾಗದಲ್ಲಿ, ರೂಪಾಯಿ ನಾಣ್ಯದಷ್ಟು ಬಿಳಿಯ ಬಣ್ಣ ಬೂದು ಕಾರ್ಪೆಟ್ಟಿನ ಮೇಲೆ ಬಿದ್ದಿತು.

ಆಯ್ದಕ್ಕಿ ಲಕ್ಕಮ್ಮ ತಾಯಿಯ ಪ್ರಸಂಗವನ್ನು ನಾನು ಎಷ್ಟೋ ಸಲ ಭಕ್ತರಿಗೆ ವಿವರಿಸಿದ್ದೇನೆ. ಮಾರಯ್ಯ ಶರಣರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ತಾಯಿ ಹೆಚ್ಚಿನದನ್ನು ಒಲ್ಲದೆ, ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ಅಗತ್ಯಕ್ಕಿಂತ ಮಿಗಿಲಾದ ಒಂದು ಹಿಡಿಯೂ ಕಾಯಕವನ್ನು ಕೆಡಿಸುತ್ತದೆಂಬುದು ಅದರ ತಾತ್ಪರ್ಯ. ಬ್ರಷ್ಷನ್ನು ಅದ್ದುವಾಗ ಆ ತಾತ್ಪರ್ಯ ನನ್ನ ನೆನಪಿಗೆ ಬರಲಿಲ್ಲ.

ಬಿದ್ದದ್ದು ನೀರಿನಲ್ಲಿ ಕರಗುವ ಬಣ್ಣ. ಹಸಿಯಿರುವಾಗ ಅದನ್ನು ತೆಗೆಯುವುದು ಕಷ್ಟವಲ್ಲ. ಚಮಚದಿಂದ ಮೇಲಿನದನ್ನು ಎತ್ತಿ, ಪಾತ್ರೆ ತೊಳೆಯುವ ಸಾಬೂನಿನ ಒಂದೆರಡು ಹನಿ ಬೆರೆಸಿದ ಬೆಚ್ಚಗಿನ ನೀರಿನಲ್ಲಿ ಬಿಳಿಯ ಬಟ್ಟೆಯನ್ನು ಅದ್ದಿ, ಹೊರಗಿನಿಂದ ನಡುವಿಗೆ ಒತ್ತಿ ಒತ್ತಿ ಹೀರಿಸಬೇಕು, ಉಜ್ಜಬಾರದು. ನಾನು ಗಾಬರಿಯಿಂದ ಉಜ್ಜಿದೆ. ನಾಣ್ಯದಷ್ಟಿದ್ದುದು ಅಂಗೈಯಗಲವಾಯಿತು. ಮನೆಯವರ ಫೋನ್ ಸಂಖ್ಯೆ ನನ್ನ ಬಳಿಯಿತ್ತು. ಪೂಜ್ಯರು ಪಕ್ಕದ ಕೋಣೆಯಲ್ಲಿಯೇ ಇದ್ದರು. ನಾನು ಯಾರನ್ನೂ ಕರೆಯಲಿಲ್ಲ. ಮನೆ ಬದಲಿಸಲೆಂದು ಪುಸ್ತಕ ತುಂಬಿ ಇಟ್ಟಿದ್ದ ರಟ್ಟಿನ ಪೆಟ್ಟಿಗೆಯೊಂದನ್ನು ಎಳೆದು ತಂದು ಆ ಕಲೆಯ ಮೇಲೆ ಇಟ್ಟೆ.

ಸಂಜೆ ಮನೆಯ ಅಕ್ಕನವರು ಕೋಣೆಯನ್ನು ನೋಡಿ, “ನಮ್ಮ ಮನೆಯವರಿಗಿಂತ ನೀವೇ ನಾಜೂಕಾಗಿ ಬಳಿದಿದ್ದೀರಲ್ಲ, ಶರಣರೆ!” ಎಂದು ಸಂತೋಷಪಟ್ಟರು. ನಾನು ಕೈಮುಗಿದೆ. ಅಷ್ಟಕ್ಕೇ ಸುಮ್ಮನಾಗದೆ, ಕಾಯಕದ ಮಹಿಮೆಯ ಬಗ್ಗೆ ಎರಡು ಮಾತನ್ನೂ ಸೇರಿಸಿದೆ.

ಅಂದು ಸಂಜೆಯ ಸತ್ಸಂಗದಲ್ಲಿ ಪೂಜ್ಯರ ಆಶೀರ್ವಚನಕ್ಕೆ ಮೊದಲು ವಚನವೊಂದನ್ನು ವ್ಯಾಖ್ಯಾನಿಸುವ ಸರದಿ ನನ್ನದು. ವಾರದ ಮುಂಚೆಯೇ ಗೊತ್ತುಪಡಿಸಿದ್ದ ವಚನ ಇದೇ ಏಳು ನಿಷೇಧಗಳದ್ದು. ಸುಮಾರು ನಲವತ್ತು ಭಕ್ತರು ಕುಳಿತಿದ್ದರು. ಮೊದಲ ಐದನ್ನು ವಿವರಿಸಿದೆ. ಆರನೆಯದಕ್ಕೆ ಬಂದು, ಬಣ್ಣ, ವರ್ಣ, ತದ್ಭವ ಎಂದು ವ್ಯುತ್ಪತ್ತಿಯನ್ನು ಹೇಳುತ್ತಿದ್ದಂತೆ ನಾಲಗೆ ಒಣಗಿತು. ನನ್ನ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಬಿಳಿಯ ಬಣ್ಣ ಇನ್ನೂ ಇದ್ದಿತು. ಹೇಗೋ ಮುಗಿಸಿ ಕುಳಿತೆ.

ರಾತ್ರಿ ನಿದ್ದೆ ಬರಲಿಲ್ಲ. ನಸುಕಿನಲ್ಲಿ ಪೂಜ್ಯರು ಲಿಂಗಪೂಜೆ ಮುಗಿಸಿದ ಮೇಲೆ ಪಾದಕ್ಕೆರಗಿ, “ಬುದ್ಧಿ, ನನ್ನಿಂದ ತಪ್ಪಾಗಿದೆ” ಎಂದು ನಡೆದುದನ್ನೆಲ್ಲ ಅರಿಕೆ ಮಾಡಿಕೊಂಡೆ. ಪೂಜ್ಯರು ಸಮಾಧಾನ ಹೇಳುವರೆಂದು ಮನಸ್ಸಿನ ಮೂಲೆಯಲ್ಲಿ ನಿರೀಕ್ಷೆಯಿತ್ತು. ಅವರು ಕೇಳಿದ್ದು ಇಷ್ಟೇ: “ನನಗೆ ಹೇಳಿ ಏನು ಫಲ? ಆ ಮನೆಯ ತಾಯಿಗೆ ಹೇಳಿದೆಯಾ?”

ಹೋಗಿ ಹೇಳಿದೆ. ಪೆಟ್ಟಿಗೆಯನ್ನು ಎತ್ತಿದಾಗ ಅದರ ತಳದ ಕಾಗದ ಕಿತ್ತು ಬಣ್ಣಕ್ಕೆ ಅಂಟಿಕೊಂಡಿತು. ಕಲೆ ಗಟ್ಟಿಯಾಗಿತ್ತು. ಅಕ್ಕನವರು ಒಂದು ಮಾತನ್ನೂ ಆಡಲಿಲ್ಲ. ಯಜಮಾನರು ಬಗ್ಗಿ ನೋಡಿ ಮೆಲ್ಲಗೆ, “ಆಗಲೇ ಒಂದು ಫೋನ್ ಮಾಡಿದ್ದರೆ ಬರೀ ನೀರಿನಲ್ಲೇ ಹೋಗುತ್ತಿತ್ತು” ಎಂದರು. ಅವರು ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ನಾವಿಬ್ಬರೂ ಎರಡು ಗಂಟೆ ಕಾಲ ಶ್ರಮಿಸಿದೆವು. ಒಣಗಿದ್ದನ್ನು ಬ್ಲೇಡಿನ ಮೊಂಡು ಅಂಚಿನಿಂದ ಕೆರೆದು, ಔಷಧಿ ಅಂಗಡಿಯಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಹಾಕಿ ಒತ್ತಿ, ಬಿಡದ ಎಳೆಗಳ ತುದಿಯನ್ನು ಸಣ್ಣ ಕತ್ತರಿಯಿಂದ ಕತ್ತರಿಸಿದೆವು. ಮುಕ್ಕಾಲು ಪಾಲು ಹೋಯಿತು. ಮಬ್ಬಾದ ಒಂದು ಗುರುತು ಉಳಿಯಿತು. ಮನೆಯನ್ನು ಒಪ್ಪಿಸುವಾಗ ಅದಕ್ಕಾಗಿ ಅವರ ಮುಂಗಡ ಹಣದಲ್ಲಿ ಒಂದಿಷ್ಟನ್ನು ಮುರಿದುಕೊಂಡರೆಂದು ಆಮೇಲೆ ತಿಳಿಯಿತು. ನಾನು ತುಂಬಿಕೊಡಲು ಮುಂದಾದಾಗ ಅವರು ಒಪ್ಪದೆ, ಅದನ್ನು ಶ್ರೀಮಠದ ದಾಸೋಹಕ್ಕೆ ಸಲ್ಲಿಸುವಂತೆ ಹೇಳಿದರು. ಸಲ್ಲಿಸಿದೆ. ಆದರೆ ಅವರ ನಷ್ಟ ಅವರಿಗೆ ನಷ್ಟವಾಗಿಯೇ ಉಳಿಯಿತು.

ಸದ್ಭಕ್ತರೆ, ಅಣ್ಣನವರ ವಚನವನ್ನು ಈಗ ಮತ್ತೊಮ್ಮೆ ಸ್ಮರಿಸೋಣ. ಆತ್ಮಪ್ರಶಂಸೆ ಎಂದರೆ ವೇದಿಕೆಯ ಮೇಲೆ ನಿಂತು ತನ್ನ ಗುಣಗಾನ ಮಾಡಿಕೊಳ್ಳುವುದು ಎಂದಷ್ಟೇ ನಾನು ತಿಳಿದಿದ್ದೆ. ಅಂದು ನಾನು ನನ್ನ ಬಗ್ಗೆ ಒಂದು ಹೊಗಳಿಕೆಯ ಮಾತನ್ನೂ ಆಡಿರಲಿಲ್ಲ. ಕಲೆಯ ಮೇಲೆ ಒಂದು ಪೆಟ್ಟಿಗೆಯನ್ನಿಟ್ಟು, ಬಂದ ಹೊಗಳಿಕೆಯನ್ನು ಮೌನವಾಗಿ ಸ್ವೀಕರಿಸಿದ್ದೆ. ಇದೂ ತನ್ನನ್ನು ತಾನು ಬಣ್ಣಿಸಿಕೊಳ್ಳುವುದೇ. ಆರನೆಯ ನಿಷೇಧವನ್ನು ಮೀರಿದವನು ಮೂರನೆಯದಾದ ಹುಸಿಯನ್ನೂ ಅಲ್ಲಿಯೇ ಮೀರಿರುತ್ತಾನೆ. ಏಳನ್ನೂ ಒಂದೇ ವಚನದಲ್ಲಿ ಪೋಣಿಸಿದ್ದರ ಔಚಿತ್ಯ ನನಗೆ ಹೊಳೆದದ್ದು ಆಗ. ಒಂದು ಮಣಿ ಜಾರಿದರೆ ಉಳಿದವು ನಿಲ್ಲುವುದಿಲ್ಲ.

ಇನ್ನೊಂದು ಮಾತು. ತಪ್ಪೇ ಆಗದ ಕೈ ಯಾರಿಗೂ ಇಲ್ಲ. ಯಜಮಾನರ ಕೈಯಿಂದಲೂ ಮೊದಲ ರಾತ್ರಿ ಒಂದೆರಡು ಹನಿ ಬಿದ್ದಿದ್ದವು. ಅವರು ಪಕ್ಕದಲ್ಲಿಯೇ ಇಟ್ಟುಕೊಂಡಿದ್ದ ಒದ್ದೆ ಬಟ್ಟೆಯಿಂದ ಆ ಕ್ಷಣವೇ ತೆಗೆದರು, ಗುರುತೂ ಉಳಿಯಲಿಲ್ಲ. ಅಂತರಂಗ ಶುದ್ಧಿಯೂ ಹೀಗೆಯೇ ಎಂದು ನನ್ನ ಅಲ್ಪಮತಿಗೆ ತೋರುತ್ತದೆ. ತಪ್ಪು ಹಸಿಯಾಗಿರುವಾಗ ಒಪ್ಪಿಕೊಂಡರೆ ನೀರೇ ಸಾಕು. ಮುಚ್ಚಿಟ್ಟು ಒಣಗಿಸಿದರೆ ಕೆರೆಯಬೇಕಾಗುತ್ತದೆ, ಕತ್ತರಿಸಬೇಕಾಗುತ್ತದೆ, ಆಗಲೂ ಪೂರ್ತಿ ಹೋಗುವುದಿಲ್ಲ. ಆದುದರಿಂದ ಮನೆಯಲ್ಲಿ, ಮಠದಲ್ಲಿ, ಕಚೇರಿಯಲ್ಲಿ ಯಾರಿಗಾದರೂ ಹೇಳಬೇಕಾದ ಮಾತೊಂದನ್ನು ತಡೆದಿಟ್ಟುಕೊಂಡಿದ್ದರೆ ಇಂದೇ ಹೇಳಿಬಿಡೋಣ. ಗುರುವಿನ ಮುಂದೆ ಅರಿಕೆ ಮಾಡಿಕೊಂಡರೆ ಮಾತ್ರ ಸಾಲದು. ಕಲೆ ಯಾರ ಮನೆಯ ನೆಲದ ಮೇಲಿದೆಯೋ ಅವರಿಗೇ ಹೇಳಬೇಕು.

ಈ ಅಂಕಣದಲ್ಲಿ ವಚನಗಳನ್ನು ವಿವರಿಸುತ್ತ ಬಂದ ನನಗೆ ಭಕ್ತರಿಂದ ಆಗಾಗ ಮೆಚ್ಚುಗೆಯ ಮಾತುಗಳು ಬರುತ್ತವೆ. ಅವುಗಳ ಅಡಿಯಲ್ಲಿ ಇಂಥದೊಂದು ಪೆಟ್ಟಿಗೆ ಇದ್ದಿತೆಂಬುದನ್ನು ತಮಗೆ ಹೇಳದೆ ಮುಂದುವರಿಯುವುದು ಸರಿಯಲ್ಲವೆನ್ನಿಸಿ ಇದನ್ನು ಬರೆದೆ. ತಪ್ಪಿದ್ದರೆ ತಿದ್ದಿರಿ.